ಖಾಲಿ ಪಿಕಪ್, ಒದ್ದೆ ರಸ್ತೆ ಮತ್ತು ಮೂಡಿಗೆರೆಯ ಕಾಕನ ಟೈರ್ ಅಂಗಡಿ

ಮಳೆಗಾಲದಲ್ಲಿ ಬೊಲೆರೊ ಪಿಕಪ್ ಓಡಿಸುವವರನ್ನು ಯಾರನ್ನಾದರೂ ಕೇಳಿ, ಒಂದೇ ಮಾತು ಹೇಳುತ್ತಾರೆ: ಲೋಡ್ ಇದ್ದರೆ ಆನೆ, ಖಾಲಿ ಇದ್ದರೆ ಹಿಂದುಗಡೆ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಇದಕ್ಕೆ ಮದ್ದು ಹುಡುಕಿಕೊಂಡು ನಾನು ಮೂಡಿಗೆರೆಯ ಒಂದು ಟೈರ್ ಅಂಗಡಿಗೆ ಹೋಗಿದ್ದೆ. ಅಂಗಡಿಗೆ ಬೋರ್ಡ್ ಇದೆ, ಆದರೆ ಮಳೆಗೆ ಅಕ್ಷರ ಮಾಸಿ ಓದಲು ಬರುವುದಿಲ್ಲ. ಎಲ್ಲರೂ ಕಾಕನ ಅಂಗಡಿ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ನಮ್ಮದು ಬಣಕಲ್ ಹತ್ತಿರ ಒಂದು ನರ್ಸರಿ. ಕಾಫಿ, ಮೆಣಸು, ಅಡಿಕೆ, ಈಗೀಗ ಎಲ್ಲರೂ ಕೇಳುವ ಬೆಣ್ಣೆಹಣ್ಣಿನ ಗಿಡ. ಜನ ಗಿಡ ನೆಡುವುದೇ ಮಳೆಯಲ್ಲಿ, ಹಾಗಾಗಿ ನಮ್ಮ ವ್ಯಾಪಾರವೂ ಮಳೆಯಲ್ಲೇ. ಆರಿದ್ರಾ ಹಿಡಿದರೆ ಪುಷ್ಯ ಮುಗಿಯುವವರೆಗೆ ಹಾನುಬಾಳು, ಆಲ್ದೂರು, ಮಾಗುಂಡಿ, ಕಳಸ ಅಂತ ಗಾಡಿ ಸುತ್ತುತ್ತಲೇ ಇರುತ್ತದೆ. ಸ್ಟೇರಿಂಗ್ ಹಿಡಿಯುವವಳು ನಾನೇ. ಡ್ರೈವರ್ ಇಟ್ಟುಕೊಳ್ಳುವಷ್ಟು ಲಾಭ ಗಿಡದಲ್ಲಿ ಇಲ್ಲ.

ಹೋಗುವಾಗ ಗಿಡ ತುಂಬಿರುತ್ತದೆ. ಬರುವಾಗ ಬರೀ ಖಾಲಿ ಟ್ರೇ. ತೊಂದರೆ ಶುರುವಾಗುವುದು ಬರುವಾಗಲೇ. ಪಿಕಪ್‌ನ ಇಂಜಿನ್, ಕ್ಯಾಬಿನ್, ಕೂತವರು ಎಲ್ಲಾ ಮುಂದೆ. ಎಳೆಯುವ ಚಕ್ರ ಮಾತ್ರ ಹಿಂದೆ. ಹಿಂದಿನ ಪ್ಲೇಟ್ ಸ್ಪ್ರಿಂಗ್ ಟನ್‌ಗಟ್ಟಲೆ ಹೊರಲೆಂದು ಮಾಡಿದ್ದು, ಖಾಲಿ ಇದ್ದಾಗ ಅದು ಬಗ್ಗುವುದೇ ಇಲ್ಲ. ಸಣ್ಣ ಗುಂಡಿ ಸಿಕ್ಕರೂ ಹಿಂದಿನ ಚಕ್ರ ನೆಲ ಬಿಟ್ಟು ಕುಪ್ಪಳಿಸುತ್ತದೆ. ಮೇಲಿಂದ ಡೀಸೆಲ್ ಇಂಜಿನ್, ಕಮ್ಮಿ ಆರ್‌ಪಿಎಂನಲ್ಲೇ ಎಳೆತ ಜಾಸ್ತಿ. ಒದ್ದೆ ತಿರುವಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೆ ಸಾಕು, ಒಂದು ಚಕ್ರ ಸುಮ್ನೆ ಗಿರ್ ಅಂತ ತಿರುಗುತ್ತದೆ. ಹಿಂದಿನ ಎರಡು ಚಕ್ರಕ್ಕೂ ಎಳೆತ ಹಂಚುವ ಮಾಮೂಲಿ ಡಿಫರೆನ್ಶಿಯಲ್‌ನ ಗುಣವೇ ಅದು. ಹಿಡಿತ ಇಲ್ಲದ ಚಕ್ರ ತಿರುಗುತ್ತದೆ, ಹಿಡಿತ ಇರುವ ಚಕ್ರಕ್ಕೆ ಕೆಲಸ ಮಾಡುವಷ್ಟು ಬಲ ಸಿಗುವುದಿಲ್ಲ.

ನಮ್ಮ ಕಡೆಯ ರಸ್ತೆಗಳೂ ಸುಮ್ನೆ ಬಿಡುವುದಿಲ್ಲ. ಮೊದಲ ಮಳೆಗೆ ಡಾಂಬರಿನ ಮೇಲಿನ ಎಣ್ಣೆ, ಧೂಳು ಸೇರಿ ಸೋಪಿನ ನೀರಾಗುತ್ತದೆ. ಆಮೇಲೆ ಸಿಲ್ವರ್ ಓಕ್ ಎಲೆ. ಕೊಟ್ಟಿಗೆಹಾರದ ಕಡೆಯಿಂದ ಇಳಿಯುವಾಗ ತೋಟದ ಅಂಚಿನ ತಿರುವುಗಳಲ್ಲಿ ಎಲೆ ಕೊಳೆತು ರಸ್ತೆಗೆ ಅಂಟಿಕೊಂಡಿರುತ್ತದೆ. ಅದರ ಮೇಲೆ ಬ್ರೇಕ್ ಹಾಕಿ ನೋಡಿದವರಿಗೆ ಗೊತ್ತು. ಇನ್ನು ಎಸ್ಟೇಟ್ ಗೇಟಿನ ಕಾಂಕ್ರೀಟ್ ಏರು, ಅಲ್ಲಿ ಪಾಚಿ. ನಮ್ಮ ನರ್ಸರಿ ಗೇಟಿನದ್ದೂ ಅದೇ ಕತೆ.

ಅಂಗಡಿಗೆ ಹೋದಾಗ ನನ್ನ ಮನಸ್ಸಿನಲ್ಲಿ ಇದ್ದಿದ್ದು ದೊಡ್ಡ ಬಟನ್‌ನ, ಅಂದರೆ ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳು ದೊಡ್ಡದಿರುವ ಟೈರ್. ಜೀಪಿನವರು ಹಾಕುತ್ತಾರಲ್ಲ, ಅಂಥದ್ದು. ಅಕ್ಕಪಕ್ಕದ ಪಿಕಪ್‌ನವರು ಸುಮಾರು ಜನ ಹಿಂದಕ್ಕೆ ಅದನ್ನೇ ಹಾಕಿಸಿದ್ದಾರೆ. ನೋಡಿದರೆ ಹಿಡಿತ ಚೆನ್ನಾಗಿರುತ್ತದೆ ಅನ್ನಿಸುತ್ತದೆ. ಬೆಲೆಯೂ ಒಂದಕ್ಕೆ ಸಾವಿರದ ಎಂಟುನೂರು ಜಾಸ್ತಿ.

ಕಾಕಾ ಕೇಳಿದ ಮೊದಲ ಪ್ರಶ್ನೆ, "ಅಕ್ಕಾ, ನಿಮ್ಮ ಗಾಡಿ ಜಾರೋದು ಕೆಸರಲ್ಲೋ ಟಾರಲ್ಲೋ?"

ಟಾರಿನಲ್ಲಿ ಅಂದೆ.

"ಹಾಗಾದ್ರೆ ಅದು ಬೇಡ."

ಆಮೇಲೆ ಒಂದು ದೊಡ್ಡ ಬಟನ್ ಟೈರು, ಒಂದು ಮಾಮೂಲಿ ಎಲ್‌ಟಿ (ಲೈಟ್ ಟ್ರಕ್) ಟೈರು ಪಕ್ಕಪಕ್ಕ ನಿಲ್ಲಿಸಿದರು. ದೊಡ್ಡದರ ಬಟನ್ ಮೇಲೆ ಹೆಬ್ಬೆರಳು ಒತ್ತಿದರು, ಅದು ಅಲುಗಲಿಲ್ಲ. ಎಲ್‌ಟಿ ಟೈರಿನ ಬಟನ್ ಒತ್ತಿದಾಗ ಅದರ ಮೇಲಿದ್ದ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳುಗಳು ಬಾಯಿ ಬಿಟ್ಟವು. ಒದ್ದೆ ಡಾಂಬರಿನ ಮೇಲೆ ಕೆಲಸ ಮಾಡುವುದು ಆ ಸೀಳುಗಳು. ಉದ್ದದ ಕಾಲುವೆಗಳು ನೀರನ್ನು ಹೊರಗೆ ತಳ್ಳುತ್ತವೆ, ಉಳಿದ ತೆಳು ನೀರಿನ ಪದರವನ್ನು ಸೀಳುಗಳ ಅಂಚು ಕತ್ತರಿಸಿ ರಸ್ತೆಯನ್ನು ಹಿಡಿಯುತ್ತವೆ. ದೊಡ್ಡ ಬಟನ್ ಟೈರಿನಲ್ಲಿ ಬಟನ್‌ಗಳ ನಡುವೆ ಖಾಲಿ ಜಾಗವೇ ಜಾಸ್ತಿ, ನೆಲಕ್ಕೆ ತಾಗುವ ರಬ್ಬರ್ ಕಮ್ಮಿ. ಕೆಸರಿನಲ್ಲಿ ಅದು ಅಗೆದುಕೊಂಡು ಹೋಗುತ್ತದೆ, ಅಲ್ಲಿ ಅದೇ ಸರಿ. ಟಾರಿನಲ್ಲಿ ಅಗೆಯಲು ಏನಿದೆ?

ಜಾಸ್ತಿ ಬೆಲೆಯ ಮಾಲು ಕೈಗೆ ಬಂದ ಗಿರಾಕಿಗೆ ಬೇಡ ಅನ್ನುವ ಅಂಗಡಿಯವರು ಎಷ್ಟು ಜನ ಸಿಗುತ್ತಾರೆ ಹೇಳಿ. ನಾನು ಇದನ್ನು ಬರೆಯಲು ಕೂತಿದ್ದಕ್ಕೆ ಅರ್ಧ ಕಾರಣ ಅದೇ.

ನನ್ನ ಹಳೆಯ ಟೈರುಗಳನ್ನೂ ನೋಡಿದರು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಒಂದು ಸಣ್ಣ ದಿಣ್ಣೆ ಇರುತ್ತದೆ. ಟೈರಿನ ಭುಜದ ಮೇಲೆ ಟಿಡಬ್ಲ್ಯುಐ ಅಂತಲೋ ಒಂದು ತ್ರಿಕೋನವೋ ಇದ್ದರೆ ಅದರ ನೇರಕ್ಕೆ ಹುಡುಕಿ. ಬಟನ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್. ನಾಲ್ಕು ಚಕ್ರದ ಗಾಡಿಗೆ ಕಾನೂನಿನ ಕನಿಷ್ಠ ಲೆಕ್ಕವೂ ಅದೇ. ನನ್ನದು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಪೊಲೀಸರು ಹಿಡಿದರೆ ದಂಡ ಬೀಳುತ್ತಿರಲಿಲ್ಲ. ಆದರೆ ಮಳೆಯಲ್ಲಿ 3 ಮಿಲಿಮೀಟರ್‌ಗೆ ಇಳಿಯುವ ಹೊತ್ತಿಗೇ ನೀರು ಹೊರಗೆ ತಳ್ಳುವ ಶಕ್ತಿ ಬಹಳ ಕಮ್ಮಿಯಾಗಿರುತ್ತದೆ. ಬೇಸಿಗೆಗೆ ಇನ್ನೊಂದು ವರ್ಷ ಓಡುವ ಟೈರು ಮಳೆಗಾಲಕ್ಕೆ ಮುಗಿದಿರಬಹುದು. ಹೀಗೆ ಎರಡು ಲೆಕ್ಕ ಇಟ್ಟುಕೊಳ್ಳುವುದು ಮಲೆನಾಡಿನವರಿಗೆ ಒಳ್ಳೆಯದು.

ನಮ್ಮ ಮನೆಯವರದ್ದು ಒಂದು ಐಡಿಯಾ ಇತ್ತು. ಸ್ಟೆಪ್ನಿ ಗಾಡಿ ತಗೊಂಡಾಗಿನಿಂದ ಇಳಿದೇ ಇಲ್ಲ, ಬಟನ್ ಪೂರ್ತಿ ಇದೆ, ಅದನ್ನೇ ಹಿಂದಕ್ಕೆ ಹಾಕಿ ಇನ್ನೊಂದು ಮಾತ್ರ ಹೊಸದು ತಗೊಂಡರೆ ಆಯ್ತಲ್ಲ ಅಂತ. ಕಾಕಾ ಟೈರಿನ ಪಕ್ಕದ ನಾಲ್ಕು ಅಂಕಿ ತೋರಿಸಿದರು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಉಗುರಿನಲ್ಲಿ ಒತ್ತಿದರೆ ಗುರುತೇ ಬೀಳದಷ್ಟು ರಬ್ಬರ್ ಗಟ್ಟಿಯಾಗಿತ್ತು. ಬಟನ್ ಎಷ್ಟಿದ್ದರೇನು, ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಅದೂ ಅಲ್ಲದೆ ಒಂದೇ ಆಕ್ಸಲ್‌ನಲ್ಲಿ ಒಂದು ಹಳೆಯದು ಒಂದು ಹೊಸದು ಹಾಕಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಮನೆಯವರ ಐಡಿಯಾ ಅಲ್ಲಿಗೇ ಮುಗಿಯಿತು.

ರೀಸೋಲ್, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಪದರ ಕೂರಿಸುವುದರ ಬಗ್ಗೆಯೂ ಕೇಳಿದೆ. ಅರ್ಧ ದುಡ್ಡಿಗೆ ಆಗುತ್ತದೆ. ಲೋಡ್ ಹೊತ್ತು ಬಯಲುಸೀಮೆಯಲ್ಲಿ ಓಡಿಸುವವರಿಗೆ ಮಾಡಿಕೊಡುತ್ತೇನೆ, ಘಟ್ಟದ ಮಳೆಗೆ ಖಾಲಿ ಓಡಿಸುವವರಿಗೆ ನಾನಾಗಿ ಹೇಳುವುದಿಲ್ಲ ಅಂದರು. ನನಗೂ ಅದೇ ಸರಿ ಅನ್ನಿಸಿತು.

ಕೊನೆಗೆ ತಗೊಂಡಿದ್ದು ಎಂಆರ್‌ಎಫ್ ಎಲ್‌ಟಿ ಟೈರ್, ಒಂದು ಜೋಡಿ. ನಾಲ್ಕಾರು ಕಂಪನಿಯದ್ದು ಅಂಗಡಿಯಲ್ಲಿ ಇತ್ತು. ಈ ಜೋಡಿ ತೀರಾ ಇತ್ತೀಚಿನ ತಯಾರಿಕೆಯದ್ದು, ಸೀಳುಗಳೂ ಜಾಸ್ತಿ, ಅದಕ್ಕೇ ಆರಿಸಿದೆ. ಬ್ರ್ಯಾಂಡ್‌ಗಿಂತ ಇವೆರಡನ್ನು ನೋಡಿ ಅಂತ ನನ್ನ ಅಭಿಪ್ರಾಯ. ಇಲ್ಲಿ ಒಂದು ಎಚ್ಚರಿಕೆ. ಬೊಲೆರೊ ಕಾರಿಗೂ ಕೆಲವು ಪಿಕಪ್‌ಗೂ ಅಳತೆ ಒಂದೇ, 215/75 ಆರ್ 15. ಆನ್‌ಲೈನ್‌ನಲ್ಲಿ ಕಾರಿನ ಟೈರ್ ಕಮ್ಮಿಗೆ ಸಿಗುತ್ತದೆ ಅಂತ ತರಿಸಿಬಿಡಬೇಡಿ. ಅಳತೆಯ ಪಕ್ಕದ ಅಂಕಿ ನೋಡಿ. 100 ಅಂತ ಇದ್ದರೆ ಒಂದು ಟೈರ್ ಹೊರುವುದು 800 ಕೆಜಿ, 108 ಇದ್ದರೆ 1000 ಕೆಜಿ. ಪಿಕಪ್‌ಗೆ ಪೂರ್ತಿ ಲೋಡ್ ಹಾಕಿದಾಗ ಹಿಂದಿನ ಟೈರಿಗೆ 800 ಸಾಲುವುದಿಲ್ಲ. ನಿಮ್ಮ ಗಾಡಿಗೆ ಕಂಪನಿ ಎಷ್ಟರದ್ದು ಕೊಟ್ಟಿದೆಯೋ ಅದಕ್ಕಿಂತ ಕೆಳಗೆ ಇಳಿಯಬೇಡಿ.

ಒದ್ದೆ ರಸ್ತೆಯ ಹಿಡಿತವನ್ನು ನಮ್ಮ ದೇಶದಲ್ಲೂ ಈಗ ಪರೀಕ್ಷೆ ಮಾಡುತ್ತಾರೆ. ಎಐಎಸ್ 142 ಅನ್ನುವ ನಿಯಮ, ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್‌ನಿಂದ ಕಡ್ಡಾಯವಾಯಿತು. ಕಾರು, ಸಣ್ಣ ಟ್ರಕ್ಕು, ಲಾರಿ ಬಸ್ಸು ಮೂರೂ ವರ್ಗಕ್ಕೆ ಇದೆ. ಆದರೆ ಅದು ಪಾಸ್ ಮಾರ್ಕ್ ಅಷ್ಟೇ. ಪಾಸ್ ಆದವರಲ್ಲಿ ಯಾರು ಜಾಣರು ಅಂತ ಅದರಿಂದ ಗೊತ್ತಾಗುವುದಿಲ್ಲ. ಕಾಕನಿಗೆ ಈ ನಿಯಮದ ಬಗ್ಗೆ ಹೇಳಿದೆ. ಅವರು ಹೆಬ್ಬೆರಳು ತೋರಿಸಿ ನಕ್ಕರು.

ಬೆಲೆ ಒಂದಕ್ಕೆ ಏಳು ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಯಾರಾದರೂ ಹಳೆಯ ರೇಟು ಹೇಳಿದರೆ ಬಿಲ್ ಕೇಳಿ.

ಈಗ ಗಾಳಿಯ ವಿಷಯ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಟೈರ್ ಕೂರಿಸಿದ ಮೇಲೆ ಹುಡುಗ ರೂಢಿಯಂತೆ ಹಿಂದಕ್ಕೆ 60 ಪಿಎಸ್‌ಐ ದಾಟಿಸಿ ಗಾಳಿ ಹೊಡೆದ. ಪಿಕಪ್ ಕಂಡರೆ ಎಲ್ಲಾ ಕಡೆ ಹೊಡೆಯುವುದು ಹಾಗೇ, ಪೆಟ್ರೋಲ್ ಬಂಕಿನಲ್ಲೂ ಅಷ್ಟೇ. ಕಾಕಾ ಜೇಬಿನಿಂದ ಸೀಮೆಸುಣ್ಣ ತೆಗೆದು ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಅಡ್ಡಗೆರೆ ಎಳೆದರು. ಶೆಡ್ಡಿನ ಒಳಗಿನ ಒಣ ನೆಲದಲ್ಲಿ ಗಾಡಿಯನ್ನು ನೇರವಾಗಿ ಸ್ವಲ್ಪ ಮುಂದಕ್ಕೆ ಬಿಡಲು ಹೇಳಿದರು. ಇಳಿದು ನೋಡಿದರೆ ಗೆರೆ ನಡುವೆ ಮಾತ್ರ ಅಳಿಸಿತ್ತು. ಎರಡೂ ಅಂಚಿನಲ್ಲಿ ಬಿಳಿ ಹಾಗೇ ಇತ್ತು. ಅಂದರೆ ಖಾಲಿ ಗಾಡಿಯಲ್ಲಿ ಹೊಸ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತಿತ್ತು. ಏಳು ಸಾವಿರ ಕೊಟ್ಟು ತಗೊಂಡ ರಬ್ಬರಿನಲ್ಲಿ ಎರಡೂ ಅಂಚು ಸುಮ್ನೆ ಗಾಳಿಯಲ್ಲಿ!

ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟು, ಮತ್ತೆ ಗೆರೆ ಎಳೆದು, ಮತ್ತೆ ಗಾಡಿ ಮುಂದೆ ಬಿಟ್ಟು ನೋಡಿದೆವು. ಗೆರೆ ಅಂಚಿನಿಂದ ಅಂಚಿಗೆ ಒಂದೇ ಸಮ ಅಳಿಸಿದಾಗ ಮೀಟರ್ ನೋಡಿದರೆ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೆ ಕಂಪನಿ ಬರೆದ ಅಂಕಿಯ ಹತ್ತಿರಕ್ಕೇ ಬಂದಿತ್ತು. ಸ್ಟಿಕ್ಕರ್ ಇಷ್ಟು ವರ್ಷ ಅಲ್ಲೇ ಇತ್ತು, ನೋಡುವವರು ಯಾರು?

ಇದರಲ್ಲಿ ಎರಡು ಮಾತು ಮರೆಯಬಾರದು. ಒಂದು, ಈ ಗಾಳಿಯಲ್ಲಿ ಪೂರ್ತಿ ಲೋಡ್ ಹೊರಬಾರದು. ಟೈರ್ ಬಿಸಿಯಾಗಿ ಸಿಡಿಯುತ್ತದೆ. ಗಿಡದ ಲೋಡು ಜಾಗ ತುಂಬುತ್ತದೆಯೇ ಹೊರತು ತೂಕ ತುಂಬುವುದಿಲ್ಲ, ಹಾಗಾಗಿ ನನಗೆ ಸ್ವಲ್ಪ ಏರಿಸಿದರೆ ಸಾಕಾಗುತ್ತದೆ. ಗೊಬ್ಬರ, ಶುಂಠಿ, ಸಿಮೆಂಟ್ ಹೇರುವವರು ಹೇರುವ ಮುಂಚೆ ಲೋಡ್ ಲೆಕ್ಕಕ್ಕೆ ಹೊಡೆಸಲೇಬೇಕು. ಎರಡು, ಗಾಳಿ ಕಮ್ಮಿ ಮಾಡಿದಷ್ಟೂ ಹಿಡಿತ ಜಾಸ್ತಿ ಅನ್ನುವುದು ಕೆಸರಿನ ಮಾತು. ನೀರು ನಿಂತ ಡಾಂಬರಿನಲ್ಲಿ ಗಾಳಿ ಕಮ್ಮಿ ಇರುವ ಟೈರು ನೀರನ್ನು ತಳ್ಳಲಾರದೆ ಅದರ ಮೇಲೆ ತೇಲುತ್ತದೆ. ಖಾಲಿ ಪಿಕಪ್ ಮೊದಲೇ ಹಗುರ, ಇನ್ನೂ ಬೇಗ ತೇಲುತ್ತದೆ.

ಗಾಳಿ ಅಳೆಯುವ ಒಂದು ಹಿತ್ತಾಳೆ ಮೀಟರನ್ನು ಅಲ್ಲೇ ಮುನ್ನೂರೈವತ್ತಕ್ಕೆ ತಗೊಂಡೆ. ಈಗ ಗ್ಲೋವ್ ಬಾಕ್ಸಿನಲ್ಲಿ ಇರುತ್ತದೆ. ಈ ಬರಹದಲ್ಲಿರುವ ಎಲ್ಲಾ ಸಾಮಾನಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಭಾರದ ವಿಷಯಕ್ಕೆ ಬಂದರೆ, ಎಂ-ಸ್ಯಾಂಡ್ ತುಂಬಿದ ನಾಲ್ಕು ದಪ್ಪ ಚೀಲ ಬಾಡಿಯಲ್ಲಿ ಖಾಯಂ ಇಟ್ಟಿದ್ದೇನೆ. ಒಂದೊಂದು ಸುಮಾರು ನಲವತ್ತು ಕೆಜಿ. ಇಡುವ ಜಾಗ ಮುಖ್ಯ. ಹಿಂದಿನ ಆಕ್ಸಲ್‌ನ ನೇರಕ್ಕೆ, ಇಲ್ಲವೇ ಒಂದು ಗೇಣು ಕ್ಯಾಬಿನ್ ಕಡೆಗೆ. ಡೋರಿನ ಹತ್ತಿರ ಹಿಂದಕ್ಕೆ ತಳ್ಳಿದರೆ ಮುಂಭಾಗ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಹಗ್ಗದಲ್ಲಿ ಕೊಕ್ಕೆಗೆ ಬಿಗಿಯಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಚೀಲ ಬಂದು ಕ್ಯಾಬಿನ್‌ಗೆ ಗುದ್ದುತ್ತದೆ. ನಮ್ಮಲ್ಲಿ ಗಿಡದ ಚೀಲಕ್ಕೆ ತುಂಬುವ ಮಣ್ಣು-ಗೊಬ್ಬರದ ಮಿಶ್ರಣ ಬೇಕಾದಷ್ಟಿದೆ, ಅದನ್ನೇ ಇಡೋಣ ಅಂತ ಕೆಲಸದ ಹುಡುಗ ಇಟ್ಟಿದ್ದ. ಮಳೆಗೆ ಕಪ್ಪು ನೀರು ಸೋರಿ ಬಾಡಿಯೇ ಜಾರುಬಂಡೆಯಾಯಿತು. ಮರಳೇ ಸರಿ. ಚೀಲದ ತೂಕ ನಿಮ್ಮ ಪಾಸಿಂಗ್ ಲೆಕ್ಕದಲ್ಲಿ, ಅಂದರೆ ಗಾಡಿ ಹೊರಲು ಅನುಮತಿ ಇರುವ ತೂಕದಲ್ಲಿ ಸೇರುತ್ತದೆ, ಅಷ್ಟು ಕಮ್ಮಿ ಹೇರಬೇಕು. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಇರಲಿ.

ಮಳೆಗಾಲದ ಎಸ್ಟೇಟ್ ಕೆಸರಿಗೆ ಟೈರಿನ ಮೇಲೆ ಸುತ್ತುವ ಕಬ್ಬಿಣದ ಚೈನ್ ಬೇಕೇ ಬೇಕು, ಅದನ್ನು ಯಾವ ಟೈರೂ ತಪ್ಪಿಸಲಾರದು. ಕಾಕನ ಹತ್ತಿರ ಅಳತೆಗೆ ಚೈನ್ ಸಿಗುತ್ತದೆ, ನಾನು ಹಳೆಯದನ್ನೇ ರಿಪೇರಿ ಮಾಡಿಸಿದೆ. ಒಂದು ಕೊಂಡಿ ಬದಲಾಯಿಸಿದ್ದಕ್ಕೆ ದುಡ್ಡೇ ತಗೊಳ್ಳಲಿಲ್ಲ. ಆದರೆ ಕೆಸರು ದಾಟಿದ ಕೂಡಲೇ ಚೈನ್ ಬಿಚ್ಚಿ. ಬೇಜಾರು ಮಾಡಿಕೊಂಡು ಅದರಲ್ಲೇ ಟಾರು ರಸ್ತೆಗೆ ಇಳಿಯುವವರನ್ನು ಬಣಕಲ್ ಪೇಟೆಯಲ್ಲೇ ನೋಡಿದ್ದೇನೆ. ರಬ್ಬರಿನ ಬದಲು ಕಬ್ಬಿಣ ರಸ್ತೆಗೆ ತಾಗುತ್ತಿರುತ್ತದೆ, ಬ್ರೇಕ್ ಹಿಡಿಯುವುದು ಎಲ್ಲಿಂದ ಬಂತು.

ಫಲಿತಾಂಶ ಹೇಗಿದೆ? ಮೊದಲ ಕೆಲವು ದಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲಿಲ್ಲ. ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚುವ ನುಣುಪು ಪದರ ಉಳಿದಿರುತ್ತದೆ, ಅದು ಸವೆಯುವವರೆಗೆ ನಿಧಾನ ಓಡಿಸಬೇಕು ಅಂತ ಕಾಕಾ ಮೊದಲೇ ಹೇಳಿದ್ದರು. ಆಮೇಲೆ ನಿಜಕ್ಕೂ ಬೇರೆ ಗಾಡಿಯಾಯಿತು. ಮಾಗುಂಡಿ ರಸ್ತೆಯಲ್ಲಿ ಖಾಲಿ ಬರುವಾಗ ತಿರುವಿನಲ್ಲಿ ಹಿಂಭಾಗ ಹೊರಗೆ ಹಾರುತ್ತಿದ್ದದ್ದು ನಿಂತಿದೆ. ಸೇತುವೆ ಮುಂಚಿನ ಹಂಪ್‌ನಲ್ಲಿ ಬ್ರೇಕ್ ಹಾಕಿದರೆ ನೇರವಾಗಿ ನಿಲ್ಲುತ್ತದೆ. ಕೊಳೆತ ಎಲೆಯ ಮೇಲೆ ಈಗಲೂ ಜಾರುತ್ತದೆ, ಅದಕ್ಕೆ ಟೈರು ಏನೂ ಮಾಡಲಾರದು, ನಿಧಾನ ಹೋಗಬೇಕು ಅಷ್ಟೇ. ನರ್ಸರಿ ಗೇಟಿನ ಪಾಚಿಗೂ ಟೈರು ಸೋತಿತು. ಬ್ಲೀಚಿಂಗ್ ಪೌಡರ್ ಹಾಕಿ ತಂತಿ ಪೊರಕೆಯಲ್ಲಿ ಉಜ್ಜಿಸಿದ ಮೇಲೆ ಸರಿಹೋಯಿತು.

ನನ್ನ ತಮ್ಮ ಮಾತ್ರ ಇನ್ನೂ ಫೋರ್ ವೀಲ್ ಡ್ರೈವ್ ಪಿಕಪ್ ತಗೋ ಅಂತ ಹಟ ಹಿಡಿದಿದ್ದಾನೆ. ಏರು ಹತ್ತಲು ಅದು ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಬ್ರೇಕ್ ಹಾಕುವಾಗ ಎಲ್ಲಾ ಗಾಡಿಗೂ ನಾಲ್ಕು ಚಕ್ರವೇ, ಹಿಡಿಯುವುದು ಆ ನಾಲ್ಕು ಟೈರೇ. ನನ್ನ ಭಯ ಇಳಿಜಾರಿನದ್ದು. ಇನ್ನೊಬ್ಬರು ಪ್ಲೇಟ್ ಜಾಸ್ತಿ ಹಾಕಿಸು ಅಂದರು. ಹಾಕಿಸಿದರೆ ಹಿಂಭಾಗ ಇನ್ನೂ ಗಟ್ಟಿಯಾಗಿ, ಖಾಲಿ ಗಾಡಿ ಇನ್ನೂ ಜಾಸ್ತಿ ಕುಪ್ಪಳಿಸುತ್ತದೆ. ಬೇಡವೇ ಬೇಡ.

ಅಂಗಡಿಯಲ್ಲಿ ಕೊರತೆ ಇಲ್ಲ ಅಂತಲ್ಲ. ಅಲೈನ್‌ಮೆಂಟ್ ಮಷೀನ್ ಇಲ್ಲ. ಅದಕ್ಕೆ ಚಿಕ್ಕಮಗಳೂರಿಗೆ ಹೋದೆ. ಅಲ್ಲಿನ ಎಸಿ ಷೋರೂಮಿನಲ್ಲಿ ಗಾಡಿ ರ‍್ಯಾಂಪ್ ಮೇಲೆ ನಿಂತ ಮೇಲೆ ನೈಟ್ರೋಜನ್ ಹಾಕಿಸಿ, ಮಳೆಯಲ್ಲಿ ಹಿಡಿತ ಜಾಸ್ತಿಯಾಗುತ್ತದೆ ಅಂದರು. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಒಳಗೆ ಯಾವ ಗಾಳಿ ಇದೆ ಅಂತ ರಸ್ತೆಗೇನು ಗೊತ್ತು? ನೈಟ್ರೋಜನ್ ನಿಧಾನವಾಗಿ ಇಳಿಯುತ್ತದೆ ಅನ್ನುವುದು ನಿಜ, ಅದರ ಲಾಭ ಅಷ್ಟೇ. ಬೇಡ ಅಂದು ಅಲೈನ್‌ಮೆಂಟ್ ಮಾತ್ರ ಮಾಡಿಸಿಕೊಂಡು ಬಂದೆ.

ಕಾಕನ ಅಂಗಡಿಯಲ್ಲಿ ಕೂರಲು ಜಾಗ ಇಲ್ಲ. ಮಳೆ ಜೋರಾದರೆ ಶೆಡ್ಡಿನ ಒಂದು ಮೂಲೆಯಲ್ಲಿ ನಿಲ್ಲಬೇಕು. ಹೆಂಗಸರು ಗಾಡಿ ತಂದರೆ ಕೆಲವು ಕಡೆ "ಮನೆಯವರನ್ನ ಕಳಿಸಿ ಮೇಡಂ" ಅಂತಾರಲ್ಲ, ಆ ರಗಳೆ ಇಲ್ಲಿಲ್ಲ. ಚಹಾ ತರಿಸಿಕೊಟ್ಟರು, ಕೇಳಿದ್ದಕ್ಕೆಲ್ಲಾ ಉತ್ತರ ಹೇಳಿದರು. ಜಿಎಸ್‌ಟಿ ಬಿಲ್ ಮಾತ್ರ ಕೇಳಿ ಕೇಳಿ ಪಡೆಯಬೇಕು. ವಾರಂಟಿಗೆ ಅದು ಬೇಕು, ಬಿಡಬೇಡಿ. ಕಾರ್ಡ್ ನಡೆಯುವುದಿಲ್ಲ, ಫೋನ್‌ಪೇ ಇದೆ. ನೆಟ್‌ವರ್ಕ್ ಇಲ್ಲದ ದಿನ ಕ್ಯಾಷ್ ಇಟ್ಟುಕೊಂಡು ಹೋಗಿ.

ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತಾರೆ, ಬೆಳಿಗ್ಗೆಯೇ ಹೋಗಿ. ಟೈರ್ ಬದಲಾಯಿಸುವುದಿದ್ದರೆ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಜೂನ್ ಹಿಡಿದರೆ ಜೀಪಿನವರು ಚೈನ್‌ಗೆಂದು ಸಾಲು ನಿಲ್ಲುತ್ತಾರೆ, ಅರ್ಧ ದಿನ ಅಲ್ಲೇ ಹೋಗುತ್ತದೆ.